ಕೋಡಿ ನಿಲ್ಲೋದ್ರೊಳಗೆ ಒಂದು ಹಿಡಿ ಮಣ್ಣು

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಸಲ ನಮ್ಮೂರ ಕೆರೆ ತುಂಬಿ ಕೋಡಿ ಬಿತ್ತು. ದೊಡ್ಡೇರಿ ಕಡೆಯ ಊರು. ನನಗೆ ಹತ್ತು ವರ್ಷ, ಕೋಡಿ ನೋಡಿದ್ದು ಅದೇ ಮೊದಲು.

ದೊಡ್ಡ ಮಕ್ಕಳು ಬಾಳೆದಿಂಡಿನ ಮೇಲೆ ಬೋರಲು ಮಲಗಿ ನೀರಿನ ಜೊತೆ ಕೆಳಗಿಳಿಯೋರು. ಅದಕ್ಕೆ ಅವರದೇ ಒಂದು ಭಾಷೆ. ಕೋಡಿಕಲ್ಲು ದಾಟುವಾಗ ನೀರು ಉಬ್ಬುವ ಜಾಗ ‘ಹೊಟ್ಟೆ’. ಆಮೇಲಿನ ಇಳಿಜಾರು ‘ಜಾರು’. ಕೆಳಗೆ ನೊರೆಯೇಳುವ ಗುಂಡಿ ‘ಮಜ್ಜಿಗೆ’. ದಿಂಡು ಮಗುಚಿ ಮುಳುಗಿದರೆ ಮಜ್ಜಿಗೆ ಕುಡಿದ ಹಾಗೆ. ಹೊಸಬರಿಗೆ ಹೇಳ್ತಿದ್ದದ್ದು ಮೂರೇ ಮಾತು: ಎದೆ ಒತ್ತು, ಕಾಲು ಬಿಡು, ಹೊಟ್ಟೇಲಿ ಕಣ್ಣು ಮುಚ್ಬೇಡ.

ನಾನು ಮಾತೆಲ್ಲ ಕಲಿತಿದ್ದೆ. ದಿಂಡು ಮಾತ್ರ ಸಿಕ್ಕಿರಲಿಲ್ಲ. ತೋಟದ ಬಾವಿಯಲ್ಲಿ ಮುಳುಗಿ, ತಳದ ಮಣ್ಣು ಹಿಡಿದು ತಂದು ತೋರಿಸಿದವರಿಗೇ ದಿಂಡು. ಅಲ್ಲೀವರೆಗೆ ಬೆನ್ನಿಗೆ ಕತ್ತಾಳೆ ಬೆಂಡು ಕಟ್ಟಿಕೊಂಡು ತೇಲುತ್ತಿರಬೇಕು. ಈಜು ಕಲಿಸುತ್ತಿದ್ದವಳು ನಮ್ಮ ಸೋದರತ್ತೆ. ನನಗಿಂತ ಏಳೆಂಟು ವರ್ಷ ದೊಡ್ಡವಳು.

ಮಳೆ ನಿಂತು ಐದಾರು ದಿನವಾಗಿತ್ತು. ಸಗಣಿ ಬಾಚುವಾಗಲೂ ನನ್ನ ಕಿವಿ ಕೋಡಿ ಕಡೆಗೇ. ಸದ್ದು ದಿನಾ ಸಣ್ಣಗಾಗ್ತಿತ್ತು. ಮುದ್ದೆ ಮುಂದಿಟ್ಟರೆ ಅರ್ಧಕ್ಕೇ ಎದ್ದು ಬೀದಿಗೆ ಹೋಗಿ ಕೇಳಿಸಿಕೊಂಡು ಬರ್ತಿದ್ದೆ. "ಇರುವೆ ಕಚ್ತಾವೇನೇ ನಿಂಗೆ?" ಅಂತ ಅವ್ವ ಬೈದಳು.

ಅವತ್ತು ಬಾವಿಯಲ್ಲಿ ಬೆಂಡು ಬಿಚ್ಚಿಸಿಕೊಂಡು ಮುಳುಗಿದೆ. ಅರ್ಧದಲ್ಲೇ ಕಿವಿ ನೋಯಿತು, ಭಯವಾಯಿತು. ಮೇಲೆ ಬರುವಾಗ ಗೋಡೆಯ ಕಲ್ಲುಸಂದಿಯಿಂದ ಒಂದು ಹಿಡಿ ಮಣ್ಣು ಕೆರೆದುಕೊಂಡು ಎದ್ದೆ.

"ಸಿಕ್ತು ಅತ್ತೆ!"

ಅತ್ತೆ ನನ್ನ ಬೆರಳು ಬಿಡಿಸಿ ನೋಡಿದಳು. ಮೂಸಿಯೂ ನೋಡಿದಳು. "ತಳದ್ದು ಕಪ್ಪು ಗೋಡು ಕಣೇ, ಕೊಳೆತ ಎಲೆ ನಾತ ಹೊಡೀತದೆ. ಇದು ಕೆಂಪು ಮಣ್ಣು. ಗೋಡೆ ಕೆರೆದ್ಯಾ?"

ಮೆಟ್ಟಿಲ ಮೇಲಿದ್ದ ಹುಡುಗಿಯರು ಕಿಸಕ್ಕೆಂದರು. "ಇಲಿ ಕಣ್ರೇ, ಇಲಿ! ಬಿಲ ತೋಡ್ತಾವ್ಳೆ!"

ಅತ್ತೆ ನಗಲಿಲ್ಲ. ಮತ್ತೆ ಬೆಂಡು ಕಟ್ಟಿದಳು. "ಮಜ್ಜಿಗೇಲಿ ದಿಂಡು ಕೈಬುಟ್ರೆ ನಿಂಗೆ ಹಿಡ್ಕಳೋಕೆ ಗೋಡೆ ಇರಾಕಿಲ್ಲ. ನಾಳೆ ಬಾ."

ನಾಳೆ ಅಂದರೆ ಕೋಡಿ ಇರುತ್ತೋ ಇಲ್ಲವೋ. ಅತ್ತು, ಅವಳ ಸೆರಗು ಜಗ್ಗಿದೆ. ಜಗ್ಗಲಿಲ್ಲ ಅವಳು.

ಮಾರನೆಯ ದಿನ ಹೊತ್ತು ಏರುವ ಮುಂಚೆಯೇ ಅವಳನ್ನು ಎಳೆದುಕೊಂಡು ಹೋದೆ. ಎರಡು ಸಲ ಬರಿಗೈಲಿ ಬಂದೆ. ಮೂರನೇ ಸಲ ಕಾಲಿಗೆ ತಣ್ಣನೆಯ ಮೆತ್ತನೆಯದೇನೋ ಹತ್ತಿತು, ಬಗ್ಗಿ ಬಾಚಿಕೊಂಡೆ. ಮೇಲೆದ್ದಾಗ ಉಸಿರೇ ಇರಲಿಲ್ಲ. ಅತ್ತೆ ಮೂಸಿ, ಮುಖ ಸಿಂಡರಿಸಿ, "ನಡಿ" ಅಂದಳು.

ದಿಂಡನ್ನು ಹೆಗಲ ಮೇಲೆ ಹೊತ್ತು ಅವಳು ಓಡಿದಳು, ಹಿಂದೆ ನಾನು. ಬಿಗಿ ಹಿಡಿದ ಮುಷ್ಟಿ ಬಿಟ್ಟಿರಲಿಲ್ಲ. ಕೋಡಿಯಲ್ಲಿ ಯಾರೂ ಇರಲಿಲ್ಲ. ನೀರು ಕಲ್ಲಿನ ಮೇಲೆ ಹಿಮ್ಮಡಿ ಮುಳುಗುವಷ್ಟು ಮಾತ್ರ ಹರಿಯುತ್ತಿತ್ತು.

ಅತ್ತೆ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ದಿಂಡು ಇಳಿಸಿ, "ಮಲಕ್ಕೋ" ಅಂದಳು.

ಮಲಗಿದೆ. ಹಿಂದಿನಿಂದ ತಳ್ಳಿದಳು. ದಿಂಡು ಕಲ್ಲಿಗೆ ಉಜ್ಜಿ ಕಿರ್ರೆಂದು ಮೊಳದಷ್ಟು ಜರುಗಿ ನಿಂತಿತು. ಮತ್ತೆ ತಳ್ಳಿದಳು. ಆ ಹಿಮ್ಮಡಿ ನೀರಿನಲ್ಲೇ, ಏದುಸಿರು ಬಿಡುತ್ತಾ, ಕೆಳಗಿನ ಗುಂಡಿಯವರೆಗೂ ಬಗ್ಗಿ ತಳ್ಳುತ್ತಾ ಬಂದಳು.

"ಎದೆ ಒತ್ತೇ! ಕಾಲು ಬುಡು! ಲೇ, ಕಣ್ಣು ಮುಚ್ಬೇಡ!"