ಬೀಗ ಹಾಕಿದ ಮನೆಯ ಅಟ್ಟ

ಆ ಮನೆಗೆ ನಾನು ಕೊಟ್ಟದ್ದು ಹನ್ನೊಂದು ಸಾವಿರ ರೂಪಾಯಿ. ಮಾರುವವನು ಹೇಳಿದ್ದು ಹದಿನಾರು. ಐದು ಸಾವಿರ ಹೇಗೆ ಇಳಿಯಿತು ಅಂತ ಕೇಳಿದರೆ, ಅವನಿಗೆ ಅವಸರ ಇತ್ತು, ನನಗೆ ಇರಲಿಲ್ಲ. ಅಷ್ಟೇ ಗುಟ್ಟು. ಮೂರು ಸಲ ಹೋಗಿ ನೋಡಿದೆ. ಮೊದಲ ಸಲ ತೊಲೆಯಲ್ಲಿದ್ದ ಬಿರುಕನ್ನು ಸುಮ್ಮನೆ ದಿಟ್ಟಿಸಿ, ಒಂದು ಮಾತೂ ಆಡದೆ ವಾಪಸು ಬಂದೆ. ಎರಡನೇ ಸಲ ಹಿತ್ತಿಲ ಬಾವಿಗೆ ಬಿಂದಿಗೆ ಇಳಿಸಿ, ಹಗ್ಗ ಎಷ್ಟು ಮೊಳ ಹೋಯಿತು ಅಂತ ಅವನಿಗೆ ಕೇಳಿಸುವ ಹಾಗೆ ಎಣಿಸಿದೆ. ಮೂರನೇ ಸಲ ಹೋಗುವಷ್ಟರಲ್ಲಿ ಅವನೇ ಹನ್ನೆರಡಕ್ಕೆ ಬಂದಿದ್ದ. ಕೊನೆಯ ಸಾವಿರವನ್ನು ಒಂದು ಲೋಟ ಕಾಫಿ ಮುಗಿಯುವ ಹೊತ್ತಿಗೆ ಇಳಿಸಿದೆ.

ಯಾಕೆ ಕೊಂಡೆ ಅಂತಲೂ ಹೇಳಬೇಕು. ಎಪ್ಪತ್ತರ ದಶಕದ ಕೊನೆಯ ಮಾತು. ತಿಪಟೂರಿನ ಮಂಡಿಯಲ್ಲಿ ಮೂಟೆ ಹೊರುವುದರಿಂದ ಶುರು ಮಾಡಿದವನು, ಹಳ್ಳಿ ತಿರುಗಿ ಕೊಬ್ಬರಿ ಕೊಂಡು ಮಾರುವ ಮಟ್ಟಕ್ಕೆ ಬಂದಿದ್ದೆ. ಇರುವುದಕ್ಕೆ ನಮಗೆ ಒಂದು ಮನೆ ಇತ್ತು, ಸಣ್ಣದು, ಸಾಕಾಗಿತ್ತು. ಈ ಎರಡನೆಯದು ಇರುವುದಕ್ಕಲ್ಲ, ದುಡ್ಡು ಬೆಳೆಯುವುದಕ್ಕೆ.

“ಬೀಗ ಹಾಕಿ ಮರೆತುಬುಡಿ ಸ್ವಾಮಿ,” ಅಂದಿದ್ದ ವ್ಯಾಪಾರ ಕುದುರಿಸಿದ ದಳ್ಳಾಳಿ. “ಐದು ವರ್ಷಕ್ಕೆ ಎರಡರಷ್ಟು. ಬಾಡಿಗೆಗೆ ಮಾತ್ರ ಕೊಡಬ್ಯಾಡಿ. ಕೊಟ್ಟರೆ ಅವರು ಮನೆ ಬುಡಾಕಿಲ್ಲ, ನೀವು ಕೋರ್ಟು ಬುಡಾಕಿಲ್ಲ.”

ನಾನು ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ಆ ಮನೆಗೆ ಉದ್ದಕ್ಕೂ ಅಟ್ಟ ಇತ್ತು. ನಮ್ಮ ಕಡೆ ಬಲಿತ ತೆಂಗಿನಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು, ಆಗ ಒಡೆಯುವುದು. ನಾನು ಅದುವರೆಗೆ ಆದ ಕೊಬ್ಬರಿಯನ್ನು ಕೊಂಡವನೇ ಹೊರತು ಕಾಯಿ ಇಟ್ಟು ಕಾದವನಲ್ಲ. ಮನೆ ಕೆಳಗೆ ತಾನೇ ಬೆಲೆ ಬೆಳೆಸಿಕೊಳ್ಳಲಿ, ಮೇಲೆ ಕಾಯಿ ತಾನೇ ಕೊಬ್ಬರಿಯಾಗಲಿ, ನಡುವೆ ನಾನು ಕೈಕಟ್ಟಿ ಕೂತಿರೋಣ ಅಂತ ಲೆಕ್ಕ. ದಬ್ಬೇಘಟ್ಟದ ಒಂದೇ ತೋಟದ ಕಾಯಿ ತರಿಸಿದೆ. ನಾವಿದ್ದ ಮನೆಯ ಅಟ್ಟದಲ್ಲಿ ಹಿಡಿದಷ್ಟು ಅಲ್ಲಿ, ಮಿಕ್ಕಿದ್ದೆಲ್ಲ ಹೊಸ ಮನೆಗೆ.

“ಅಲ್ಲಿ ಯಾರೂ ಇಲ್ವಲ್ರೀ?” ಅಂದಳು ನನ್ನ ಹೆಂಡತಿ.

“ಕಾಯಿಗೆ ಯಾರು ಬೇಕೇ? ಮಾತಾಡಿಸಬೇಕಾ ಅದನ್ನ?”

ಬೀಗ ಹಾಕಿದ ವಾರದಲ್ಲೇ ಗಂಡ ಹೆಂಡತಿ ಇಬ್ಬರು ಮನೆ ಕೇಳಿಕೊಂಡು ಬಂದರು. ಹುಳಿಯಾರಿನ ಕಡೆಯವರು. ಬೆಳಗಿನ ಜಾವ ಮನೆಯಲ್ಲಿ ಇಡ್ಲಿ ಬೇಯಿಸಿ ಬಸ್ ಸ್ಟ್ಯಾಂಡ್ ಎದುರು ಬುಟ್ಟಿಯಲ್ಲಿ ಇಟ್ಟುಕೊಂಡು ಮಾರುತ್ತಿದ್ದರು, ಇಬ್ಬರು ಹೆಣ್ಣುಮಕ್ಕಳು. ಆಗ ಇದ್ದದ್ದು ಸೈಕಲ್ ಅಂಗಡಿಯ ಹಿಂದಿನ ಒಂದು ಕೋಣೆ. ಅದರ ಒಡೆಯ, ಹೊಗೆಯಿಂದ ಹೆಂಚು ಕಪ್ಪಾಗುತ್ತೆ, ಬಿಡಿ ಅಂತ ದಿನಾ ಕಿರಿಕಿರಿ ಮಾಡುತ್ತಿದ್ದನಂತೆ. ದೊಡ್ಡ ಒಲೆ ಹಾಕಲು ಬಿಡುವ ಮನೆ ಸಿಗದಿದ್ದರೆ ಇಡ್ಲಿ ಇಲ್ಲ, ಇಡ್ಲಿ ಇಲ್ಲದಿದ್ದರೆ ಅವರಿಗೆ ಊಟವೇ ಇಲ್ಲ.

“ಎಪ್ಪತ್ತು ರೂಪಾಯಿ ಕೊಡ್ತೀವಿ ಕಣಣ್ಣ, ತಿಂಗಳ ಮೊದಲೇ,” ಅಂದಳು ಆಕೆ. ಮಾತು ಅವಳದ್ದು. ಗಂಡ ಹೆಗಲ ಮೇಲಿನ ಟವಲು ಸರಿಮಾಡಿಕೊಳ್ಳುತ್ತ ನಿಂತಿದ್ದ.

“ಇಡ್ಲಿಯವರಾ? ಗೋಡೆ ಕಪ್ಪಾಗ್ತದೆ ಕಣಮ್ಮ. ಅದು ಮಾರೋ ಮನೆ.”

“ಮಾರೋ ಮನೆ ಅಂದ್ರೆ? ಯಾರಾದ್ರೂ ಇರಾಕೆ ತಗಳ್ಳೋದು ತಾನೆ?”

ನಾನು ನಕ್ಕು ಕಳಿಸಿದೆ.

ಹನ್ನೊಂದು ತಿಂಗಳಾದ ಮೇಲೆ ಎರಡೂ ಅಟ್ಟದ ಕಾಯಿ ಇಳಿಸಿದೆವು. ನಮ್ಮ ಮನೆಯದು ಒಂದೊಂದೂ ಗಡಗಡ ಅಂದಿತು. ಒಡೆದರೆ ಒಳಗೆ ಹಾಲಿನ ಹಾಗೆ ಬಿಳಿ. ಬೀಗದ ಮನೆಯಲ್ಲಿ ಅಲ್ಲಾಡಿಸಿದೆ, ಸದ್ದಿಲ್ಲ. ಇನ್ನೊಂದು ತೆಗೆದುಕೊಂಡೆ, ಅದೂ ಮೂಕ. ಒಡೆದು ನೋಡಿದರೆ ಬೂಷ್ಟು, ಅಂಟು, ಕೌಟು ವಾಸನೆ. ಅರ್ಧಕ್ಕಿಂತ ಹೆಚ್ಚು ಕೆಟ್ಟಿತ್ತು, ಮಿಕ್ಕಿದ್ದರಲ್ಲಿ ಇಲಿ ಕೊರೆದದ್ದು ಎಷ್ಟೋ.

ನಷ್ಟ ಆಯಿತು, ಆಗಲಿ. ನನ್ನ ತಲೆ ಕೊರೆದದ್ದು ಬೇರೆ ವಿಷಯ. ಒಂದೇ ತೋಟ, ಒಂದೇ ಕೊಯ್ಲು, ಒಂದೇ ದಿನ ಅಟ್ಟಕ್ಕೆ ಏರಿದ್ದು. ಹೊಸ ಮನೆಯ ಅಟ್ಟವೇ ದೊಡ್ಡದು, ಹಲಗೆಯೂ ಗಟ್ಟಿ. ಹಾಗಾದರೆ ವ್ಯತ್ಯಾಸ ಎಲ್ಲಿ? ವ್ಯಾಪಾರಿಗೆ ಕಾರಣ ತಿಳಿಯದ ನಷ್ಟ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ, ನಾಲಿಗೆ ಅಲ್ಲಿಗೇ ಹೋಗುತ್ತದೆ. ಕೊಬ್ಬರಿ ಕೊಳ್ಳಲು ಹೋದ ಕಡೆಯೆಲ್ಲ ಇದನ್ನೇ ಕೇಳಿದೆ. ದಂಡಿನಶಿವರದಲ್ಲಿ ಒಬ್ಬರು ಹೆಂಚು ಜರುಗಿರಬೇಕು ನೋಡು ಅಂದರು. ಹತ್ತಿ ನೋಡಿದೆ, ನಿಜ, ಎರಡು ಹೆಂಚು ಸರಿದಿದ್ದವು. ನಮ್ಮ ಮನೆಯಲ್ಲಾಗಿದ್ದರೆ ಮೊದಲ ಹನಿ ಸಾರಿನ ಪಾತ್ರೆಗೆ ಬಿದ್ದು ಮಾರನೇ ದಿನವೇ ಹೆಂಚು ಸರಿಯಾಗುತ್ತಿತ್ತು. ಇನ್ನೊಬ್ಬ ಮುದುಕರು, “ಕಿಟಕಿ ಮುಚ್ಚಿದ್ಯಾ? ಗಾಳಿ ಆಡಬೇಕು ಕಣಪ್ಪ,” ಅಂದರು. ಮುಚ್ಚಿದ್ದೆ, ಕಳ್ಳರ ಭಯಕ್ಕೆ. ಮೂರನೆಯವರು ಕೇಳಿದ್ದೇ ಒಂದು ಮಾತು: “ಕೆಳಗೆ ಒಲೆ ಉರೀತಿತ್ತಾ? ಹೊಗೆ ಏರದೆ ಇಲಿ, ಹುಳ, ಬೂಷ್ಟು ಹೆಂಗ್ಲಾ ದೂರ ಇರ್ತವೆ?”

ಈ ಮೂರನ್ನೂ ಹೆಂಡತಿಗೆ ಹೇಳಿ, ಇದರಲ್ಲಿ ಯಾವುದು ಸರಿ ಅಂತ ಕೇಳಿದೆ.

“ಊರೆಲ್ಲ ಸುತ್ತಿ ಬಂದ್ರಾ?” ಅಂದಳು ಅವಳು. “ಅಲ್ಲಿ ಯಾರೂ ಇರ್ಲಿಲ್ಲ ಅನ್ನೋದನ್ನೇ ಮೂರು ಜನ ಮೂರು ತರ ಹೇಳವ್ರೆ.”

ಮಾರನೇ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ನಾಲ್ಕು ಇಡ್ಲಿ ತಿಂದೆ. ತಿನ್ನುತ್ತಾ, ಏನೂ ಗೊತ್ತಿಲ್ಲದವನ ಹಾಗೆ, ಮನೆ ಸಿಕ್ತೇನಮ್ಮ ಅಂತ ಕೇಳಿದೆ. ಸಿಕ್ಕಿರಲಿಲ್ಲ. ಸೈಕಲ್ ಅಂಗಡಿಯವನು ತಿಂಗಳ ಕೊನೆಗೆ ಹೊರಗೆ ಹಾಕುವುದಾಗಿ ಹೇಳಿದ್ದ.

“ಅರವತ್ತು ಕೊಟ್ಟು ಬಂದುಬಿಡಿ,” ಅಂದೆ, ಹತ್ತು ಬಿಟ್ಟ ದೊಡ್ಡಸ್ತಿಕೆಯಲ್ಲಿ.

ಆಕೆ ಚಟ್ನಿ ಬಡಿಸುವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. “ಅವತ್ತು ಎಪ್ಪತ್ತು ಅಂದ್ರೂ ಬ್ಯಾಡ ಅಂದ್ರಿ. ಇವತ್ತು ನೀವೇ ಹುಡುಕ್ಕೊಂಡು ಬಂದಿದ್ದೀರಿ ಅಂದ್ರೆ ಏನೋ ಆಗದೆ. ಏನ್ ಸಮಾಚಾರ, ಹೇಳ್ಬುಡಿ.”

ಸುಳ್ಳು ಹೇಳಬಹುದಿತ್ತು, ಆದರೆ ಬಾಯಲ್ಲಿ ಇಡ್ಲಿ ಇತ್ತು. ಅಟ್ಟಕ್ಕೆ ಹೊಗೆ ಬೇಕು ಅಂದುಬಿಟ್ಟೆ.

“ಹಂಗಾದ್ರೆ ನಲವತ್ತು. ಉರಿಸಾಕೆ ಕಾಯಿ ಮಟ್ಟೆ ನೀವೇ ಕೊಡ್ಬೇಕು.”

“ನಲವತ್ತಾ! ಮನೆ ನಂದು ಕಣಮ್ಮ.”

“ಹೊಗೆ ನಂದು ಕಣಣ್ಣ.”

ಪಕ್ಕದಲ್ಲಿ ತಿನ್ನುತ್ತಿದ್ದ ಕಂಡಕ್ಟರ್ ಜೋರಾಗಿ ನಕ್ಕ. ನಲವತ್ತೈದಕ್ಕೆ ಒಪ್ಪಿದೆ. ನನ್ನ ಜೀವಮಾನದಲ್ಲಿ ನಾನು ಸೋತ ಕೆಲವೇ ಚೌಕಾಸಿಗಳಲ್ಲಿ ಅದೊಂದು. ಮುಂದಿನ ವರ್ಷ ಆ ಅಟ್ಟದ ಕೊಬ್ಬರಿ ಮಂಡಿಯಲ್ಲಿ ನಮ್ಮ ಮನೆಯದಕ್ಕಿಂತ ಒಳ್ಳೆಯ ಬೆಲೆಗೆ ಹೋಯಿತು.

ಐದಾರು ವರ್ಷ ಹೀಗೇ ನಡೆಯಿತು. ಎಂಬತ್ತರ ದಶಕದ ನಡುವೆ ತುಮಕೂರಿನಿಂದ ಒಬ್ಬ ಕಂಟ್ರಾಕ್ಟರು ಬಂದ. ಒಳಗೆ ಕಾಲಿಡದೆ, ರಸ್ತೆಯಲ್ಲೇ ನಿಂತು ಅಗಲ ಅಳೆದ.

“ನಲವತ್ತು ಸಾವಿರ. ಖಾಲಿ ಮಾಡಿಸಿ ಕೊಡಬೇಕು.”

ನಾನು ಕೊಟ್ಟದ್ದರ ಮೂರೂವರೆ ಪಟ್ಟು. ಖುಷಿಯನ್ನು ಮುಖಕ್ಕೆ ಬರಲು ಬಿಡಲಿಲ್ಲ. “ನೀವು ಬಂದು ಇರ್ತೀರಾ?” ಅಂತ ಕೇಳಿದೆ.

“ಇಲ್ಲಿ ನಾನ್ಯಾಕೆ ಇರಲಿ? ಬೀಗ ಹಾಕಿಡ್ತೀನಿ. ಇನ್ನೂ ಏರುತ್ತೆ.”

“ಏರಿದ ಮೇಲೆ?”

“ಇನ್ನೊಬ್ಬರಿಗೆ ಕೊಡ್ತೀನಿ.”

“ಅವರು?”

“ಅದು ಅವರಿಷ್ಟ ಕಣ್ರೀ. ನಿಮಗ್ಯಾಕೆ?”

ನನಗ್ಯಾಕೆ ಅನ್ನುವುದು ನನಗೂ ಗೊತ್ತಿರಲಿಲ್ಲ, ಕುತೂಹಲ, ಅಷ್ಟೇ. ಕೊಬ್ಬರಿ ಹತ್ತು ಕೈ ದಾಟಿದರೂ ಕೊನೆಗೆ ಯಾರೋ ಒಬ್ಬರು ತಿನ್ನುತ್ತಾರೆ, ಅದಕ್ಕೇ ಬೆಲೆ. ಈ ಮನೆ ಬೀಗದಿಂದ ಬೀಗಕ್ಕೆ ಹೋಗುತ್ತಲೇ ಇದ್ದರೆ ಅದರ ಬೆಲೆ ಯಾವುದಕ್ಕೆ ಅಂತ ಯೋಚನೆ ಬಂತು. ಆದರೂ ಬೇಡ ಅನ್ನಲಿಲ್ಲ. ಹದಿನೈದು ದಿನ ಟೈಮು ಕೇಳಿದೆ.

ಸಾಯಂಕಾಲಕ್ಕೆ ಇಡ್ಲಿಯಮ್ಮ ಬಾಗಿಲಲ್ಲಿ ನಿಂತಿದ್ದಳು.

“ಮಾರ್ತೀರಂತೆ?”

“ಯಾರು ಹೇಳಿದ್ರು?”

“ಇಡ್ಲಿ ತಿನ್ನೋ ಬಾಯಿ ಸುಮ್ಕಿರ್ತದಾ?” ಅವಳು ಅಳಲಿಲ್ಲ, ಬೇಡಲೂ ಇಲ್ಲ. “ಮನೆ ನಿಮ್ದು, ಮಾರ್ಕಳಿ. ಒಂದೇ ಮಾತು. ನನ್ನ ಒಲೆ ಹಾಕಾಕೆ ಬುಡೋ ಮನೆ ಈ ಊರಲ್ಲಿ ನೀವೇ ಹುಡುಕ್ಕೊಡಿ. ಕೊಟ್ಟ ದಿನವೇ ಬೀಗದಕೈ ನಿಮ್ಮ ಕೈಗೆ. ಆಗದಾ?”

ಊರೆಲ್ಲ ಪರಿಚಯ ಇದ್ದವನು ನಾನು. ಆಗುತ್ತೆ ಅಂತ ಮಾತು ಕೊಟ್ಟೆ.

ಹದಿನೈದು ದಿನ ತಿಪಟೂರಿನ ಬೀದಿಗಳನ್ನು ಮನೆ ಬೇಕಾದವನ ಕಣ್ಣಿಂದ ನೋಡಿದೆ. ಅದಕ್ಕೆ ಮುಂಚೆ ಹಾಗೆ ನೋಡೇ ಇರಲಿಲ್ಲ. ನನ್ನ ಮನೆಯಿದ್ದ ಬೀದಿಯಲ್ಲೇ ಮೂರು ಮನೆಗೆ ಬೀಗ. ಒಂದರ ಹೊಸ್ತಿಲ ಸಂದಿಯಲ್ಲಿ ಹುಲ್ಲು, ಒಂದರ ಗೋಡೆಗೆ ಗೆದ್ದಲು ಸೂರಿನ ತನಕ ದಾರಿ ಮಾಡಿತ್ತು. ಒಡೆಯರು ಯಾರು ಅಂತ ವಿಚಾರಿಸಿದರೆ, ಎಲ್ಲ ನನ್ನಂಥವರೇ: ಒಬ್ಬ ಮಂಡಿಯವನು, ಒಬ್ಬ ರೈಸ್ ಮಿಲ್ಲಿನವನು. ಬಾಡಿಗೆಗೆ ಕೊಡುವ ಮನೆಗಳ ಒಡೆಯರು ಒಲೆ ಅಂದ ತಕ್ಷಣ ತಲೆ ಅಲ್ಲಾಡಿಸಿದರು. ಕೊನೆಗೆ ಮಿಲ್ಲಿನವನ ಹತ್ತಿರ ಹೋದೆ. ಹಳೇ ಸ್ನೇಹಿತ, ಒಟ್ಟಿಗೆ ಮೂಟೆ ಹೊತ್ತವರು.

“ಇಡ್ಲಿಯವರಾ?” ಅಂದ ಅವನು. “ಗೋಡೆ ಕಪ್ಪಾಗ್ತದೆ ಕಣ್ಲಾ. ಅದು ಮಾರೋ ಮನೆ.”

ಅವತ್ತು ನಾನು ಆಕೆಗೆ ಆಡಿದ ಮಾತೇ, ಆಚೀಚೆ ಇಲ್ಲ. ನಾನು ಎದ್ದು ಬಂದೆ.

ಹದಿನಾರನೇ ದಿನ ಕಂಟ್ರಾಕ್ಟರು ಬಂದ. ಆಗಲಿಲ್ಲ ಅಂದೆ.

“ಯಾಕೆ? ಬೆಲೆ ಸಾಲದಾ?”

“ಅವರಿಗೆ ಮನೆ ಸಿಗಲಿಲ್ಲ.”

“ಅದು ಅವರ ಕಷ್ಟ ಕಣ್ರೀ!”

“ಹುಡುಕಿಕೊಡ್ತೀನಿ ಅಂತ ಮಾತು ನಾನು ಕೊಟ್ಟಿದ್ದೆ. ವ್ಯಾಪಾರದ ಮಾತು.”

ಅವನು ನನ್ನನ್ನು ಹುಚ್ಚನ ಹಾಗೆ ನೋಡಿ ಹೊರಟ. ಆಮೇಲೆ ಆ ನಲವತ್ತು ಸಾವಿರ ನೆನೆದು ನಾನು ಹೊಟ್ಟೆ ಉರಿದುಕೊಂಡಿದ್ದೂ ಉಂಟು, ದೊಡ್ಡ ಮನಸ್ಸಿನವನ ವೇಷ ಹಾಕುವುದಿಲ್ಲ. ಅದೇ ವಾರ ಛಾಪಾ ಕಾಗದ ತರಿಸಿ ಆ ಗಂಡ ಹೆಂಡತಿಗೆ ಹತ್ತು ವರ್ಷದ ಕರಾರು ಬರೆದುಕೊಟ್ಟೆ. ಬಾಡಿಗೆಯನ್ನು ಅರವತ್ತೈದಕ್ಕೆ ಏರಿಸಿದೆ. ಆಕೆ ಐವತ್ತೈದಕ್ಕೆ ಇಳಿಸಿದಳು. ಗಂಡ ಆವತ್ತು ಮೊದಲ ಸಲ ಬಾಯಿಬಿಟ್ಟು, “ಹೆಬ್ಬೆಟ್ಟಾ, ರುಜುವಾ?” ಅಂತ ಕೇಳಿ, ನಿಧಾನಕ್ಕೆ ರುಜು ಹಾಕಿದ.

ಈಗ ನಿಮಗೆ ನನ್ನ ಸಲಹೆ. ಕೈಯಲ್ಲಿ ದುಡ್ಡಿದ್ದು ಬೆಳೆಸಬೇಕು ಅಂತಿದ್ದರೆ ತೋಟ ತೆಗೆದುಕೊಳ್ಳಿ, ನೀರಿರುವ ಕಡೆ. ಇರುವುದಕ್ಕಾದರೆ ಮಾತ್ರ ಮನೆ ಕೊಳ್ಳಿ; ನೀವೇ ಇರಿ, ಇಲ್ಲ ಇರುವವರಿಗೆ ಕೊಡಿ. ಒಂದು ಮಳೆಗಾಲ ಕೂಡ ಬೀಗ ಹಾಕಿ ಕಳೆಯಬೇಡಿ. ಬಾಡಿಗೆಯವರು ಬಿಡಲಾರರು ಅನ್ನುವ ಭಯ ಇದ್ದರೆ ಅದಕ್ಕೆ ಮದ್ದು ಕರಾರು: ವರ್ಷ, ಬಾಡಿಗೆ, ರಿಪೇರಿ ಯಾರದ್ದು ಅನ್ನುವುದನ್ನು ಬಿಡಿಸಿ ಬರೆಸಿ, ಇಬ್ಬರಿಗೂ ಒಂದೊಂದು ಪ್ರತಿ ಇರಲಿ. ಎಲ್ಲ ಕೋಣೆಯನ್ನೂ ಬಳಸುವಂಥ ಸಂಸಾರ ಬಂದರೆ ಹತ್ತು ರೂಪಾಯಿ ಕಮ್ಮಿಯಾದರೂ ಒಪ್ಪಿಕೊಳ್ಳಿ, ಆ ಹತ್ತು ರೂಪಾಯಿ ಹೆಂಚಿನಲ್ಲಿ, ತೊಲೆಯಲ್ಲಿ ಉಳಿಯುತ್ತದೆ. ಇನ್ನು ಕೊಳ್ಳುವ ಮನೆಯನ್ನು ಬಿಸಿಲಲ್ಲಿ ನೋಡಬೇಡಿ. ಜೋರು ಮಳೆ ಬಿದ್ದ ಮಾರನೇ ದಿನ ಹೇಳದೆ ಹೋಗಿ, ಪಕ್ಕದ ಮನೆಯ ಹೆಂಗಸನ್ನು ಕೇಳಿ: ಇಲ್ಲಿ ಕೊನೇ ಸಲ ಅಡಿಗೆ ಆದದ್ದು ಯಾವಾಗ ತಾಯಿ? ಆಕೆಗೆ ಕಮಿಷನ್ ಇಲ್ಲ, ನಿಜ ಹೇಳುತ್ತಾಳೆ. ಅವಳು ಎರಡು ವರ್ಷ ಅಂದರೆ, ನೀವು ಚೌಕಾಸಿಯನ್ನು ಅರ್ಧ ಬೆಲೆಯಿಂದ ಶುರು ಮಾಡಿ.