ಬಿಡಿ ಬೋಲ್ಟಿನ ವರ್ಲಾ

ಹೋಮ್‌ಡಾಲ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ಸೌಟು ಹಿಡಿದಿದ್ದ ವರ್ಲಾ ನೈಗಾರ್ಡ್, ನಿವೃತ್ತಳಾದ ಮೇಲೆ ಸ್ಪ್ಯಾನರ್ ಹಿಡಿದದ್ದು ಬರೀ ಸಿಟ್ಟಿನಿಂದ. ಆ ವರ್ಷ ಮಿನೆಸೋಟದಲ್ಲಿ ಹಿಮ ಕರಗಿದ್ದೇ ತಡ, ಹುಲ್ಲು ಯಾರೋ ಅಟ್ಟಿಸಿಕೊಂಡು ಬಂದಂತೆ ಬೆಳೆಯಿತು. ಮೊದಲ ದಿನವೇ ಅವಳು ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯ ಪಕ್ಕದ ಪುಟ್ಟ ಚಕ್ರವೊಂದು ಕಳಚಿಕೊಂಡು, ಅಂಗಳದ ಇಳಿಜಾರಿನಲ್ಲಿ ಉರುಳಿ, ನೆರೆಮನೆಯವರ ಟೊಮೇಟೊ ಪಾತಿಯಲ್ಲಿ ಹೋಗಿ ಮಲಗಿತು. ಮುರಿದದ್ದು ಒಂದು ಬೋಲ್ಟು, ಅಷ್ಟೆ.

ಆ ಬೋಲ್ಟಿಗಾಗಿ ಅವಳು ಲಾಯ್ಡ್ ಬ್ರೆಕಿಯ ಅಂಗಡಿಗೆ ಹೋದಳು. ಲಾಯ್ಡ್ ಅವಳ ಜೊತೆ ಒಂದೇ ತರಗತಿಯಲ್ಲಿ ಓದಿದವನು. ಅಪ್ಪನಿಂದ ಬಂದ ಬಿಡಿಭಾಗದ ಅಂಗಡಿ ನಡೆಸಿಕೊಂಡು, ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಮನೆಯಲ್ಲಿ ಒಬ್ಬನೇ ಇದ್ದ. ಅವನು ಗೋಡೆಯ ಮೊಳೆಯಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ಕಿತ್ತು ಮುಂದಿಟ್ಟ. ಒಳಗೆ ಒಂದು ಬೋಲ್ಟು, ಒಂದು ನಟ್ಟು. ಬೆಲೆ ಹನ್ನೊಂದು ಡಾಲರ್.

"ಇದನ್ನೇನು ಬೆಳ್ಳೀಲಿ ಮಾಡಿದಾರೇನೋ ಲಾಯ್ಡ್?"

"ಕಂಪನೀದು ಕಣೇ. ನಾನು ಬೆಲೆ ಹಾಕಲ್ಲ."

ವರ್ಲಾ ಪೊಟ್ಟಣವನ್ನು ಅಲ್ಲೇ ಬಿಟ್ಟು, ಮುರಿದ ಬೋಲ್ಟನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಪಕ್ಕದ ಊರಿನ ರೈತರ ಅಂಗಡಿಗೆ ಕಾರು ಓಡಿಸಿದಳು. ಅಲ್ಲಿ ದನದ ಹಿಂಡಿ ಚೀಲಗಳ ಹಿಂದಿನ ಸಾಲಿನಲ್ಲಿ ತಗಡಿನ ಡಬ್ಬಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಒಂದೊಂದರಲ್ಲೂ ಬೋಲ್ಟು, ನಟ್ಟು, ವಾಷರ್ ರಾಶಿ ರಾಶಿ, ಎಲ್ಲವೂ ತೂಕದ ಮೇಲೆ. ಅವಳು ಕೈಯನ್ನು ಮಣಿಕಟ್ಟಿನವರೆಗೆ ಒಳಗೆ ಇಳಿಸಿದಳು. ತಣ್ಣಗಿನ ಕಬ್ಬಿಣ ಬೆರಳ ಸಂದಿಯಲ್ಲಿ ಹರಿಯಿತು. ತನ್ನ ಬೋಲ್ಟಿನ ಅಣ್ಣತಮ್ಮಂದಿರೆಲ್ಲ ಅಲ್ಲೇ ಸಿಕ್ಕರು, ಚಿಲ್ಲರೆ ಕಾಸಿಗೆ. ಸುಮ್ಮನೆ ಬರಲಾಗದೆ ಒಂದು ಕಾಗದದ ಚೀಲದ ತುಂಬ ತುಂಬಿಸಿಕೊಂಡಳು. ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ಚೀಲ ಗಲಗಲ ಎನ್ನುತ್ತಿತ್ತು, ಇವಳು ಒಬ್ಬಳೇ ನಗುತ್ತಿದ್ದಳು. ಮದುವೆಯಾಗದೆ, ಅಪ್ಪನ ಆರೈಕೆ ಮಾಡಿ, ಅವನನ್ನು ಮಣ್ಣು ಮಾಡಿ, ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸಿಕೊಂಡೇ ಅರವತ್ತು ದಾಟಿದ ಹೆಂಗಸಿಗೆ ಇಂಥ ಖುಷಿ ಒಂದು ಚೀಲ ಬೋಲ್ಟಿನಲ್ಲಿ ಇದ್ದೀತೆಂದು ಯಾರು ತಾನೇ ಹೇಳಿಯಾರು?

ಅಲ್ಲಿಂದ ಅವಳಿಗೆ ಹುಚ್ಚು ಹತ್ತಿತು. ಗಾಡಿಯ ಕೆಳಗೆ ಚಾಪೆ ಹಾಸಿ ಮಲಗಿ ಒಂದೊಂದೇ ಭಾಗ ಬಿಚ್ಚಿ ನೋಡಿದಳು. ಹೊಲಿಗೆ ಪೆಟ್ಟಿಗೆಯ ದಾರ, ಸೂಜಿಗಳೆಲ್ಲ ಹೊರಗೆ ಬಿದ್ದು ಅಲ್ಲಿ ವಾಷರ್‌ಗಳು ಬಂದು ಕೂತವು. ಕಾರ್ಬುರೇಟರಿನ ಹರಿದ ಗ್ಯಾಸ್ಕೆಟ್ಟಿಗೆ ಬದಲಾಗಿ ಓಟ್ಸ್ ಡಬ್ಬದ ರಟ್ಟನ್ನು ಕತ್ತರಿಸಿ ಕೂರಿಸಿದಳು, ಅದು ಕೆಲಸವನ್ನೂ ಮಾಡಿತು. ನೆರೆಯವರು ತಮ್ಮ ಕೆಟ್ಟ ಗಾಡಿಗಳನ್ನು ತಳ್ಳಿಕೊಂಡು ಬರತೊಡಗಿದರು. ಕೂಲಿಯ ಬದಲು ಹುಳಿ ದಂಟಿನ ರುಬಾರ್ಬ್ ಕಡುಬು, ಜೋಳದ ತೆನೆ ಕೊಟ್ಟು ಹೋದರು.

ಇಷ್ಟಾದರೂ ಲಾಯ್ಡನ ಅಂಗಡಿಗೆ ಹೋಗುವುದನ್ನು ಅವಳು ಬಿಡಲಿಲ್ಲ. ಬೇರೆ ಕಡೆ ಅಗ್ಗಕ್ಕೆ ತಂದದ್ದನ್ನು ಅವನ ಗಲ್ಲಾ ಕಟ್ಟೆಯ ಮೇಲೆ ಇಟ್ಟು, ಅವನ ಪೊಟ್ಟಣದ ಪಕ್ಕಕ್ಕೆ ಹಿಡಿದು ಹಂಗಿಸುವುದೇ ಒಂದು ಸುಖವಾಗಿತ್ತು. ಅವನು ಬೇಸರಪಟ್ಟುಕೊಳ್ಳದೆ ಕನ್ನಡಕ ಏರಿಸಿ ನೋಡಿ, ಇದು ಒಳ್ಳೆಯದು, ಇದು ಮೆತ್ತಗಿನ ಕಬ್ಬಿಣ, ಅಲಗಿಗೆ ಹಾಕಬೇಡ, ತಲೆಯ ಮೇಲೆ ಗೆರೆ ಇರುವ ಗಟ್ಟಿಯದನ್ನು ಹಾಕು ಎಂದೆಲ್ಲ ಹೇಳುತ್ತಿದ್ದ. ತನ್ನ ಅಂಗಡಿಯಲ್ಲಿ ಏನೂ ಕೊಳ್ಳದವಳಿಗೆ ಕಾಫಿಯನ್ನೂ ಬಗ್ಗಿಸಿ ಕೊಡುತ್ತಿದ್ದ. ವರ್ಲಾ ಇದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ.

ಜೂನ್ ತಿಂಗಳಲ್ಲಿ ಚರ್ಚಿನ ಸ್ಟ್ರಾಬೆರಿ ಔತಣ ಬಂತು. ಅದೇ ವಾರ ಚರ್ಚಿನ ಹುಲ್ಲು ಕತ್ತರಿಸುವ ಗಾಡಿ ಹೊಗೆಯುಗುಳಿ ನಿಂತುಬಿಟ್ಟಿತು. ಅಂಗಳದ ಹುಲ್ಲನ್ನು ತಾನೇ ಕತ್ತರಿಸಿಕೊಡುವುದಾಗಿ ವರ್ಲಾ ಮುಂದೆ ಬಂದಳು. ತನ್ನ ಗಾಡಿಯನ್ನು ಊರಿಗೆಲ್ಲ ತೋರಿಸುವ ಆಸೆಯೂ ಇತ್ತೆನ್ನಿ. ಔತಣದ ಹಿಂದಿನ ದಿನ ಸ್ಟೀರಿಂಗಿನಿಂದ ಮುಂದಿನ ಚಕ್ರಕ್ಕೆ ಹೋಗುವ ಸರಳನ್ನು ಬಿಚ್ಚಿ, ಗ್ರೀಸ್ ಹಚ್ಚಿ, ಮತ್ತೆ ಜೋಡಿಸುವ ಮೊದಲು ಅದರ ನಟ್ಟನ್ನು ಲಾಯ್ಡನಿಗೆ ತೋರಿಸಿದ್ದಳು. ಒಳಗಿನ ನೈಲಾನ್ ಬಳೆ ಸವೆದಿದೆ, ಹಿಡಿತವಿಲ್ಲ, ಹೊಸದು ಹಾಕು ಎಂದು ಅವನು ಹೇಳಿದ್ದ. ಅದು ವ್ಯಾಪಾರದ ಮಾತು ಎಂದುಕೊಂಡು ಅವಳು ಹಳೆಯದನ್ನೇ ಬಿಗಿದಳು.

ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಜನ ಸೇರತೊಡಗಿದ್ದರು. ಮೇಪಲ್ ಮರದ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಸ್ಟ್ರಾಬೆರಿ ಬೋಗುಣಿಗಳು, ಕ್ರೀಮು, ದೊಡ್ಡ ಕಾಫಿ ಪಾತ್ರೆ. ಪಾದ್ರಿ ಹಾಲ್ವರ್ಸನ್ ಮತ್ತು ಮಹಿಳಾ ಸಂಘದ ಇಬ್ಬರು ಹೆಂಗಸರು ತಟ್ಟೆ ಜೋಡಿಸುತ್ತಿದ್ದರು. ಮರದ ಸುತ್ತಲಿನ ಪಟ್ಟಿ ಮಾತ್ರ ಕತ್ತರಿಸುವುದು ಬಾಕಿ. ವರ್ಲಾ ಹುಲ್ಲಿನ ಟೋಪಿ ಹಾಕಿಕೊಂಡು, ರಾಣಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತು, ಮರವನ್ನು ಸುತ್ತು ಹಾಕಲು ಎಡಕ್ಕೆ ತಿರುಗಿಸಿದಳು. ಸುತ್ತು ಮುಗಿದು ನೇರ ಹೋಗಲು ನೋಡಿದರೆ ಸ್ಟೀರಿಂಗು ಕೈಯಲ್ಲಿ ಬುಗುರಿಯಂತೆ ತಿರುಗಿತು. ನಟ್ಟು ಎಲ್ಲೋ ಬಿದ್ದುಹೋಗಿತ್ತು. ಚಕ್ರಗಳು ಎಡಕ್ಕೇ ಸಿಕ್ಕಿಕೊಂಡಿದ್ದವು, ಗಾಡಿ ಮರವನ್ನು, ಮೇಜನ್ನು, ಪಾದ್ರಿಯನ್ನು ಸೇರಿಸಿ ಇನ್ನೊಂದು ಸುತ್ತು ಹೊರಟಿತು.

ಅವಳು ಮೊದಲು ಅಲಗನ್ನು ನಿಲ್ಲಿಸಿದಳು. ಅಷ್ಟು ಬುದ್ಧಿ ಇತ್ತು. ಬ್ರೇಕು ತುಳಿಯಬೇಕು ಎನ್ನುವಷ್ಟರಲ್ಲಿ, ಕೈಯಲ್ಲಿ ಚಮಚಗಳ ಗೊಂಚಲು ಹಿಡಿದು ಸುತ್ತಿನಿಂದ ಹೊರಗೆ ಹೋಗಲು ನೋಡುತ್ತಿದ್ದ ಪಾದ್ರಿಯವರು ಗಾಡಿ ಬಂತೆಂದು ಹಿಂದಕ್ಕೆ ನೆಗೆದು, ಅದು ದಾಟಿದ ಮೇಲೆ ಮತ್ತೆ ಕಾಲಿಟ್ಟು, ಅನುಮಾನಿಸಿ ನಿಂತು, ಅಷ್ಟರಲ್ಲಿ ಅದು ಮತ್ತೆ ಬರಲು ಮತ್ತೆ ನೆಗೆದರು. ವರ್ಲಾಗೆ ನಗು ಕಿತ್ತುಕೊಂಡು ಬಂತು. ಎಷ್ಟೋ ವರ್ಷಗಳಿಂದ ಹೊಟ್ಟೆಯೊಳಗೆ ಕಟ್ಟಿಟ್ಟದ್ದೆಲ್ಲ ಒಟ್ಟಿಗೆ ಸಡಿಲವಾದಂತೆ ನಗು. ಕಣ್ಣಲ್ಲಿ ನೀರು, ಬ್ರೇಕಿನ ನೆನಪೇ ಹೋಯಿತು. ಅವಳನ್ನು ನೋಡಿ ಸಂಘದ ಹೆಂಗಸರು ನಕ್ಕರು, ಅವರನ್ನು ನೋಡಿ ಊರೇ ನಕ್ಕಿತು. ಕುರ್ಚಿಗಳನ್ನು ಈ ಕಡೆ ತಿರುಗಿಸಿಕೊಂಡು ಕೂತರು.

ಆಗ ಲಾಯ್ಡ್ ಗುಂಪಿನಿಂದ ಎದ್ದು ಬಂದ. ಗಾಡಿ ಹೋಗುತ್ತಿದ್ದದ್ದು ನಡಿಗೆಯ ವೇಗದಲ್ಲಿ. ಅವನು ಪಕ್ಕದಲ್ಲೇ, ಸಂಜೆ ವಾಯುಸೇವನೆಗೆ ಬಂದವನಂತೆ, ಕೈ ಹಿಂದೆ ಕಟ್ಟಿಕೊಂಡು ನಡೆದ.

"ಏನೇ ವರ್ಲಾ, ಎಲ್ಲಿಗೆ ಹೊರಟೆ?"

"ಇಲ್ಲೇ ಕಣೋ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

"ಹಳೇ ನಟ್ಟೇ ಹಾಕಿದ್ಯಲ್ಲ?"

"ಹೂಂ."

"ಹೇಳಿದ್ದೆ ತಾನೆ ನಾನು."

"ವ್ಯಾಪಾರಕ್ಕೆ ಹೇಳ್ತಿದೀಯ ಅಂದ್ಕೊಂಡೆ."

ಅರ್ಧ ಸುತ್ತು ಅವನು ಹುಲ್ಲು ನೋಡುತ್ತ ನಡೆದ. ಕಿವಿಗಳು ಕೆಂಪಾಗಿದ್ದವು.

"ವ್ಯಾಪಾರ ಎಂಥದು ಮಾರಾಯ್ತಿ, ಆ ನಟ್ಟನ್ನ ಸುಮ್ನೇ ಕೊಡ್ತಿದ್ದೆ. ನೀನು ಬಂದು ಬೈದು ಹೋಗೋ ದಿನ ಅಂಗಡಿ ಬಾಗಿಲು ತೆಗೆಯೋಕೆ ಹುಮ್ಮಸ್ಸು ಬರತ್ತೆ ನಂಗೆ. ಶುಕ್ರವಾರ ಮೀನು ಊಟಕ್ಕೆ ಬರ್ತೀಯಾ ನನ್ ಜೊತೆ?"

ವರ್ಲಾ ಅವನ ಕಡೆ ನೋಡಿದಳು. ನಗು ಇನ್ನೂ ನಿಂತಿರಲಿಲ್ಲ, ಆದರೆ ಅದರ ಬಣ್ಣ ಬದಲಾಗಿತ್ತು.

"ಯಾರ ದುಡ್ಡಲ್ಲಿ?"

"ಇಷ್ಟು ವರ್ಷ ಪೊಟ್ಟಣ ಮಾರಿದೀನಲ್ಲ, ಆ ದುಡ್ಡಲ್ಲಿ."

ಬ್ರೇಕು ಅವಳ ಕಾಲ ಕೆಳಗೇ ಇತ್ತು. ತುಳಿದರೆ ಗಾಡಿ ನಿಲ್ಲುತ್ತಿತ್ತು, ಇಳಿಯಬೇಕಾಗುತ್ತಿತ್ತು, ಊರವರ ನಡುವೆ ಅವನಿಗೆ ಮುಖ ಕೊಟ್ಟು ನಿಂತು ಉತ್ತರ ಹೇಳಬೇಕಾಗುತ್ತಿತ್ತು. ಹೀಗೆ ತಿರುಗುತ್ತಿರುವುದೇ ಹಿತವೆನಿಸಿತು. ಬರುತ್ತೇನೆ ಎಂದು ಮೆಲ್ಲಗೆ ಹೇಳಿ, ಅವನನ್ನು ಇನ್ನೂ ಒಂದು ಸುತ್ತು ನಡೆಸಿದಳು. ಚಮಚಗಳನ್ನು ಎದೆಗವಚಿಕೊಂಡು ಮರದ ಬುಡದಲ್ಲಿ ನಿಂತಿದ್ದ ಪಾದ್ರಿಯವರು, ತಮ್ಮನ್ನು ಯಾವಾಗ ಹೊರಗೆ ಬಿಡುತ್ತೀರಿ ಎಂದು ಅತ್ಯಂತ ವಿನಯದಿಂದ ಕೇಳಿದ ಮೇಲೆಯೇ ಗಾಡಿ ನಿಂತದ್ದು.

ಶುಕ್ರವಾರ ಅವರು ಮೀನು ಊಟಕ್ಕೆ ಹೋದರು. ಮುಂದಿನ ಶುಕ್ರವಾರವೂ ಹೋದರು. ಬೇಸಿಗೆ ಮುಗಿಯುವ ಹೊತ್ತಿಗೆ ಲಾಯ್ಡನ ಅಂಗಡಿಯ ಒಂದು ಗೋಡೆಯಿಂದ ಪೊಟ್ಟಣಗಳು ಇಳಿದು, ಅಲ್ಲಿ ಬಾಯಿ ತೆರೆದ ತಗಡಿನ ಡಬ್ಬಗಳೂ ಒಂದು ತಕ್ಕಡಿಯೂ ಬಂದವು. ವಾರದಲ್ಲಿ ಕೆಲವು ದಿನ ವರ್ಲಾ ಕಟ್ಟೆಯ ಹಿಂದೆ ನಿಂತು, ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಿದರೆ ಎಡಕ್ಕೇ ತಿರುಗಬೇಕಾಗುತ್ತದೆ ಎಂದು ಬಂದವರಿಗೆಲ್ಲ ತಿಳಿಹೇಳುತ್ತಿದ್ದಳು.

ಸೆಪ್ಟೆಂಬರಿನಲ್ಲಿ ತೀರಿಹೋದ ರೈತನೊಬ್ಬನ ಸಾಮಾನುಗಳ ಹರಾಜಿಗೆ ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಹೋದರು. ಜನಜಂಗುಳಿಯಲ್ಲಿ ಬೇರೆಯಾದರು. ಹರಾಜಿನವನು ಬೋಲ್ಟು ತುಂಬಿದ ಹಾಲಿನ ಕ್ಯಾನೊಂದನ್ನು ಮೇಲೆತ್ತಿದ. ವರ್ಲಾ ಕೂಗಿದಳು. ಕೊಟ್ಟಿಗೆಯ ಆಚೆಯಿಂದ ಯಾರೋ ಅವಳ ಮೇಲೆ ಕೂಗಿದರು. ಅವಳು ಬಿಡಲಿಲ್ಲ, ಅವರೂ ಬಿಡಲಿಲ್ಲ. ಬೆಲೆ ಏರಿ ಏರಿ ಹೊಸ ಬೋಲ್ಟನ್ನೇ ಕ್ಯಾನು ತುಂಬ ಕೊಳ್ಳುವಷ್ಟಾದಾಗ ಹರಾಜಿನವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಲಾಯ್ಡ್ ಬ್ರೆಕಿ, ನಿನ್ ಮೇಲೆ ಕೂಗ್ತಿರೋಳು ಯಾರು ಅಂತ ಒಂದ್ಸಲ ಈ ಕಡೆ ಬಂದು ನೋಡಪ್ಪ."

ಆ ಸಂಜೆ ಟ್ರಕ್ಕಿನ ಹಿಂಬಾಗಿಲು ಇಳಿಸಿ, ಅದರ ಮೇಲೆ ಅಕ್ಕಪಕ್ಕ ಕೂತು, ಆ ದುಬಾರಿ ಕ್ಯಾನನ್ನು ಇಬ್ಬರೂ ಮಗುಚಿ ಹಾಕಿಕೊಂಡು ಒಳ್ಳೆಯದನ್ನು ಆರಿಸತೊಡಗಿದರು. ಅರ್ಧಕ್ಕರ್ಧ ತುಕ್ಕು. ಸೋಯಾ ಹೊಲದ ಮೇಲೆ ಬಿಸಿಲು ಹಳದಿಯಾಗಿ ಮಲಗಿತ್ತು. ವರ್ಲಾ ಒಂದು ವಾಷರನ್ನು ಎತ್ತಿ, ತೂತಿನೊಳಗಿಂದ ಅವನ ಮುಖ ನೋಡಿ, ಪರವಾಗಿಲ್ಲ, ಇದು ಚೆನ್ನಾಗಿದೆ ಎಂದು ತನ್ನ ಕಡೆಯ ಗುಡ್ಡೆಗೆ ಹಾಕಿಕೊಂಡಳು.