ಕಾಂಕ್ರೀಟಿನ ಮೂಲ ಕೇಳಲು ಬಂದವನು

ಆಗ ಅಮೆರಿಕದ ಸನ್ನಿವೇಲಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ಡಾಟ್ ಕಾಮು. ಮಗಳು ಅಳಿಯ ಬೆಳಿಗ್ಗೆ ಆಫೀಸಿಗೆ ಹೋದರೆ ಕತ್ತಲಾದ ಮೇಲೇ ಮುಖ ತೋರಿಸೋದು. ಸುಮ್ಮನೆ ಕೂತು ತಿನ್ನುವ ಜಾಯಮಾನ ನನ್ನದಲ್ಲ. ಅದೇ ಅಪಾರ್ಟ್‌ಮೆಂಟಿನಲ್ಲಿದ್ದ ಮದುವೆಯಾಗದ ನಮ್ಮ ಕಡೆ ಹುಡುಗರಿಗೆ ಮಧ್ಯಾಹ್ನದ ಡಬ್ಬಿ ಕಟ್ಟಿ ಕೊಡುತ್ತಿದ್ದೆ.

ಮನೆಯಲ್ಲಿ ಬೇಯಿಸಿ ಮಾರುವ ಹಾಗಿಲ್ಲವಂತೆ ಅಲ್ಲಿ. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಹೆಂಗಸು ಒಗ್ಗರಣೆ ವಾಸನೆ ಹಿಡಿದು ಒಂದು ಸಲ ಬಾಗಿಲಿಗೇ ಬಂದಿದ್ದಳು. ವ್ಯಾಪಾರ ಅಂತ ಗೊತ್ತಾದರೆ ಮನೆ ಬಿಡಿಸುತ್ತೇನೆ ಎಂದು ಮಗಳಿಗೆ ಹೇಳಿ ಹೋದಳು. ಮಗಳು ಡಬ್ಬಿ ನಿಲ್ಲಿಸು ಅಂದಳು. ನಾನು ನಿಲ್ಲಿಸಲಿಲ್ಲ, ಕಿಟಕಿ ಮುಚ್ಚಿದೆ. ಅವತ್ತಿನಿಂದ ಬಾಗಿಲು ಯಾರು ತಟ್ಟಿದರೂ ನನಗೆ ಅನುಮಾನವೇ.

ಹಾಗಿರುವಾಗ ಒಬ್ಬ ಬಂದ. ಮೂವತ್ತರ ಆಸುಪಾಸು, ಕುತ್ತಿಗೆಗೆ ಆಫೀಸಿನ ಬಿಲ್ಲೆ. ಕನ್ನಡದವನೇ. ನನ್ನ ಡಬ್ಬಿ ತಿನ್ನುವ ಹುಡುಗನೊಬ್ಬ ಇವನ ಆಫೀಸಿನವನಂತೆ, ಅವನು ವಿಳಾಸ ಕೊಟ್ಟನಂತೆ. ಊಟ ತಿಂಡಿಯ ಬಗ್ಗೆ ಜನ ಆಡುವ ಮಾತೆಲ್ಲ ಎಲ್ಲಿಂದ ಹುಟ್ಟಿತು ಅಂತ ಹಳಬರನ್ನು ಕೇಳಿ ಗುಡ್ಡೆ ಹಾಕುತ್ತಿದ್ದಾನಂತೆ. ಒಳ್ಳೆ ಸಂಬಳದವನು ಕೆಲಸದ ದಿನ ಕೆಲಸ ಬಿಟ್ಟು ಮುದುಕಿಯ ಹತ್ತಿರ ಮಾತು ಆರಿಸಲು ಬರುತ್ತಾನೆ ಅಂದರೆ ಯಾರು ನಂಬುತ್ತಾರೆ? ಬಾಗಿಲಲ್ಲೇ ನಿಲ್ಲಿಸೋಣ ಅಂದುಕೊಂಡೆ. ಅಷ್ಟರಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದೇ ಬಿಟ್ಟ.

ಉಪ್ಪಿಟ್ಟಿಗೆ ಕಾಂಕ್ರೀಟು ಅನ್ನೋದು ಯಾಕೆ ಅಂತ ಮೊದಲು ಕೇಳಿದ. ಯಾವ ಎಂಜಿನಿಯರು ಇಟ್ಟ ಹೆಸರೋ ಏನೋ ಅಂತ ಅವನ ಊಹೆ. ಎಣ್ಣೆಗೂ ನೀರಿಗೂ ಜೀನತನ ಮಾಡಿದರೆ ಆರಿದ ಮೇಲೆ ಗಾರೆಯೇ ಆಗುತ್ತೆ, ಹಾಸ್ಟೆಲ್ ಭಟ್ಟನನ್ನು ಕೇಳು ಅಂದೆ. ಬೈಟು ಕಾಫಿ ಕೇಳಿದ. ಒಂದು ಲೋಟ ಇಬ್ಬರಿಗೆ, ಅದರಲ್ಲಿ ಮೂಲ ಹುಡುಕೋದೇನು, ಜೇಬು ನೋಡಿಕೊ ಅಂದೆ. ಇಡ್ಲಿ ಬಾರಿಸೋದು, ಕಾಫಿ ಹೊಡೆಯೋದು, ಮುದ್ದೆ ಮುರಿಯೋದು, ತಿನ್ನೋದಕ್ಕೆಲ್ಲ ಹೊಡೆದಾಟದ ಮಾತೇ ಯಾಕೆ ಅಂದ. ಗಂಡಸರು ಕಟ್ಟಿದ ಮಾತು, ಬೇಯಿಸುವವಳು ಹಾಗೆ ಅಂತಾಳಾ ಅಂದೆ. ಊಟ ಆಯ್ತಾ ಅಂತ ಕೇಳೋದು ಪ್ರೀತಿಗೆ ಹುಟ್ಟಿದ್ದು ಅಂದ. ಅದಕ್ಕೂ ನಾನು ಒಪ್ಪಲಿಲ್ಲ. ಅಕ್ಕಿ ಇನ್ನೊಂದು ಹಿಡಿ ಹಾಕಬೇಕಾ ಬೇಡವಾ ಅಂತ ತಿಳಿಯೋದಕ್ಕೆ ಹುಟ್ಟಿದ್ದು. ಪ್ರೀತಿ ಆಮೇಲೆ ಸೇರಿಕೊಂಡಿರಬಹುದು.

ಅವನು ತಲೆ ಆಡಿಸುತ್ತಿದ್ದ, ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ. ಅಡುಗೆ ಕಟ್ಟೆಯ ಮೇಲೆ ಸಾಲಾಗಿ ಬಾಯಿ ತೆರೆದಿದ್ದ ಡಬ್ಬಿಗಳ ಮೇಲಿತ್ತು.

ಇಷ್ಟೊಂದು ಅಡುಗೆ ಎಷ್ಟು ಜನಕ್ಕೆ ಅಂತ ಕೇಳಿದ. ಇವತ್ತು ನಮ್ಮ ಯಜಮಾನರ ತಿಥಿ, ನಾಲ್ಕು ಮನೆಗೆ ಕಳಿಸಬೇಕು ಅಂದುಬಿಟ್ಟೆ. ಯಜಮಾನರು ಸತ್ತಿದ್ದು ನಿಜ, ಆ ತಿಂಗಳಲ್ಲಲ್ಲ.

ಅವನು ಮುಖ ಸಣ್ಣದು ಮಾಡಿಕೊಂಡ. ಹಾಗಾದರೆ ಇದೊಂದು ಕೇಳಿ ಹೊರಡುತ್ತೇನೆ, ಜಗಳ ಬಂದರೆ ನಿನ್ನ ತಿಥಿ ವಡೆ ತಿಂತೀನಿ ಅಂತಾರಲ್ಲ, ಪಾಯಸ ಹೋಳಿಗೆ ಬಿಟ್ಟು ವಡೆ ಯಾಕೆ ಅಂದ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹೋಳಿಗೆ ಮದುವೆಗೂ ಮಾಡ್ತಾರೆ, ತಿಥಿಗೆ ವಡೆ ತಪ್ಪೋ ಹಾಗಿಲ್ಲ, ಅದಕ್ಕೇ ಅಂತ ವಿವರಿಸುತ್ತಾ ಹುಳಿಯ ಪಾತ್ರೆಯ ಮುಚ್ಚಳ ತೆಗೆದೆ. ವಾಸನೆ ಮನೆಯೆಲ್ಲ ಹರಡಿತು.

ಅವನು ಪಾತ್ರೆ ನೋಡಿದ. ಸಿಂಕಿನಲ್ಲಿದ್ದ ಸಿಪ್ಪೆ ನೋಡಿದ.

"ಅಜ್ಜಿ, ತಿಥಿಗೆ ಈರುಳ್ಳಿ ಹುಳಿನಾ?"

ವಡೆಯೂ ಇರಲಿಲ್ಲ ಅಲ್ಲಿ. ನಮ್ಮವನಲ್ಲದಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಆ ಹೆಂಗಸು ಬೇಕೆಂದೇ ಕನ್ನಡದವನನ್ನು ಹುಡುಕಿ ಕಳಿಸಿದ್ದಾಳೆ ಅನ್ನಿಸಿತು. ಸೌಟು ಕೆಳಗಿಟ್ಟೆ.

"ಮ್ಯಾನೇಜರ್ ಕಳಿಸಿದ್ದಾ ನಿನ್ನ?"

"ಯಾವ ಮ್ಯಾನೇಜರು? ನನ್ನ ಮ್ಯಾನೇಜರು ಇಷ್ಟು ಹೊತ್ತಿಗೆ ಎದ್ದಿದ್ರೆ ಹೆಚ್ಚು."

ಆಮೇಲೆ ಬಿಡಿಸಿ ಹೇಳಿದ. ಅವನದೇ ಒಂದು ವೆಬ್‌ಸೈಟಂತೆ. ಮಾತುಗಳ ಜೊತೆ ನನ್ನ ಹೆಸರು, ಫೋಟೋ, ಮನೆ ಎಲ್ಲಿದೆ ಅನ್ನೋದನ್ನೂ ಹಾಕುತ್ತಾನಂತೆ. ಪ್ರಪಂಚವೆಲ್ಲ ನೋಡುತ್ತೆ, ಡಬ್ಬಿಗೆ ಇನ್ನೂ ಜನ ಬರ್ತಾರೆ ಅಂತ ಹಲ್ಲು ಬಿಟ್ಟ. ಮ್ಯಾನೇಜರ್ ಕಳಿಸಿದವನೇ ಆಗಿದ್ದರೆ ವಾಸಿಯಿತ್ತು, ಅವನು ಒಬ್ಬಳಿಗೆ ಹೇಳುತ್ತಿದ್ದ.

ನಾನು ತಟ್ಟೆ ಇಟ್ಟೆ. ಅನ್ನ ಹಾಕಿ ಈರುಳ್ಳಿ ಹುಳಿ ಸುರಿದೆ. ಅವನು ಆಗಿದೆ, ಬೇಡ ಅಂದ. ಮುಖ ನೋಡಿದರೆ ಬೆಳಿಗ್ಗೆಯಿಂದ ಏನೂ ತಿಂದ ಹಾಗಿರಲಿಲ್ಲ.

"ತಿನ್ನು. ತಿಂದ್ರೆ ನೀನೂ ಇದರಲ್ಲಿ ಸೇರ್ಕೊಂಡ ಹಾಗೆ. ನಾಳೆ ನನ್ನ ಹಿಡಿದ್ರೆ ಇವನೂ ತಿಂದಿದ್ದಾನೆ ಅಂತ ಹೇಳ್ತೀನಿ."

ನಕ್ಕ. ನಾನು ನಗಲಿಲ್ಲ. ಕೂತು ಉಂಡ, ಇನ್ನೊಂದು ಸೌಟು ಹಾಕಿಸಿಕೊಂಡ. ಉಣ್ಣುತ್ತಿರುವಾಗಲೇ ಷರತ್ತು ಹೇಳಿದೆ. ಮಾತು ಬೇಕಾದಷ್ಟು ಬರಕೊ, ಹೆಸರು ಬೇಡ, ಫೋಟೋ ಬೇಡ, ಸನ್ನಿವೇಲ್ ಅಂತೂ ಬೇಡವೇ ಬೇಡ. ಊರಿಲ್ಲದಿದ್ದರೆ ಜನ ನಂಬಲ್ಲ ಅಜ್ಜಿ ಅಂದ. ಬೇರೆ ಯಾವುದಾದರೂ ಊರು ಹಾಕಿಕೊ, ಮ್ಯಾನೇಜರ್ ಆ ಕಡೆ ತಲೆ ಹಾಕದಂಥದ್ದು ಅಂದೆ. ಲಿವರ್‌ಮೋರ್ ಅಂದ. ಗುಡ್ಡದಾಚೆಯ ಊರು ಅದು, ಅಲ್ಲಿ ನಮ್ಮ ದೇವಸ್ಥಾನ ಇದೆ, ಮುದುಕಿಯರಿಗೆ ಕೊರತೆಯಿಲ್ಲ. ಆಗಬಹುದು ಅಂದೆ.

ಹೋದ ಮೇಲೂ ನಂಬಲಿಲ್ಲ. ವಾರವಾದ ಮೇಲೆ ಮಗಳಿಂದ ಕಂಪ್ಯೂಟರ್ ತೆಗೆಸಿ ಓದಿಸಿದೆ. ಲಿವರ್‌ಮೋರಿನ ಹಿರಿಯರೊಬ್ಬರು ಹೇಳಿದ್ದು ಅಂತಿತ್ತು. ಊಟ ಆಯ್ತಾ ಪ್ರೀತಿಗೆ ಹುಟ್ಟಿದ್ದು ಅಂತಲೇ ಬರೆದಿದ್ದ. ಸುಳ್ಳು. ಮಗಳಿಗೆ ಅದು ಓದಲು ಚೆನ್ನಾಗಿತ್ತಂತೆ. ಆ ಹಿರಿಯರು ಯಾರು ಅಂತ ನಾನು ಹೇಳಲಿಲ್ಲ.

ದಸರಾಕ್ಕೆ ಅಳಿಯ ನಮ್ಮನ್ನು ಲಿವರ್‌ಮೋರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದ. ಪ್ರಸಾದದ ಸಾಲಿನಲ್ಲಿ ಮಂಗಳೂರು ಕಡೆಯ ಹೆಂಗಸೊಬ್ಬಳು ನನ್ನ ಮುಂದೆ ನಿಂತಿದ್ದಳು. ಈ ಊರಲ್ಲಿ ಡಬ್ಬಿ ಕೊಡುವ ಅಜ್ಜಿಯೊಬ್ಬರು ಇದ್ದಾರಂತೆ, ಕಂಪ್ಯೂಟರಿನಲ್ಲಿ ಬಂದಿದೆ, ನಮ್ಮ ಮಗನಿಗೆ ಬೇಕಿತ್ತು, ನಿಮಗೆ ಗೊತ್ತುಂಟಾ ಅಂತ ಕೇಳಿದಳು. ಡಬ್ಬಿ ಅನ್ನೋದನ್ನು ಆ ಹುಡುಗ ಆಮೇಲೆ ಸೇರಿಸಿದನೋ, ಮೊದಲೇ ಇದ್ದದ್ದನ್ನು ಮಗಳು ಬಿಟ್ಟು ಓದಿದಳೋ, ಇವತ್ತಿಗೂ ನನಗೆ ತಿಳಿದಿಲ್ಲ. ಅವಳ ಮುಖ ಚೆನ್ನಾಗಿ ನೋಡಿದೆ. ಗೊತ್ತಿಲ್ಲಮ್ಮ, ನಾನು ಬೇರೆ ಊರಿನವಳು ಅಂದು ಪುಳಿಯೋಗರೆಗೆ ಕೈ ಒಡ್ಡಿದೆ.